ಬಳ್ಳಾರಿಯಿಂದ ಚಿನ್ನಸ್ವಾಮಿಗೆ: ಮೊದಲ ಸಲ ಮ್ಯಾಚ್ ನೋಡಲು ಹೊರಟವರಿಗೆ

ಮಾರ್ಚ್ ಬಂತೆಂದರೆ ಬೆಂಗಳೂರಿನ ಚಿನ್ನಸ್ವಾಮಿ ಕ್ರಿಕೆಟ್ ಸ್ಟೇಡಿಯಂ ಬಗ್ಗೆ ಓದುಗರಿಂದ ಒಂದೇ ಪ್ರಶ್ನೆ. 'ಚಿನ್ನಸ್ವಾಮಿಯಲ್ಲಿ ಒಂದು ಮ್ಯಾಚ್ ನೋಡ್ಬೇಕು, ಟಿಕೆಟ್ ಹೆಂಗೆ ತಗೋಳ್ಳೋದು, ರಾತ್ರಿನೇ ವಾಪಸ್ ಬರಬಹುದಾ?' ಬಳ್ಳಾರಿಯವರು ಕೇಳುತ್ತಾರೆ, ಹೊಸಪೇಟೆ, ಕೊಪ್ಪಳ, ರಾಯಚೂರಿನವರೂ ಕೇಳುತ್ತಾರೆ. ಆಟದ ಬಗ್ಗೆ ಇವರಿಗೆ ನಾನು ಹೇಳಿಕೊಡಬೇಕಾದ್ದು ಏನೂ ಇಲ್ಲ. ಮುನ್ಸಿಪಲ್ ಗ್ರೌಂಡಿನಲ್ಲಿ ಟೆನಿಸ್ ಬಾಲ್ ಆಡಿ ಬೆಳೆದವರು. ಗೊತ್ತಿಲ್ಲದ್ದು ಗೇಟು, ಬ್ಯಾಗು, ರೈಲು. ಅದಕ್ಕೇ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ನಮ್ಮ ಕಡೆಯವರು ಎಡವುವುದು ಟಿಕೆಟ್ ವಿಷಯದಲ್ಲಿ ಅಲ್ಲ, ವಾಪಸ್ ಬರುವ ವಿಷಯದಲ್ಲಿ. ಟಿಕೆಟ್ ಸಿಕ್ಕ ಖುಷಿಯಲ್ಲಿ ಉಳಿದದ್ದೆಲ್ಲ ಮರೆತು, ರಾತ್ರಿ ಹನ್ನೆರಡಕ್ಕೆ ಮೆಜೆಸ್ಟಿಕ್‌ನಲ್ಲಿ ನಿಂತು ಎಲ್ಲಿ ಹೋಗುವುದು ಅಂತ ತಲೆ ಕೆರೆದುಕೊಳ್ಳುತ್ತಾರೆ. ಆದ್ದರಿಂದ ಇಲ್ಲಿ ಲೆಕ್ಕ ಹಿಂದಿನಿಂದ ಶುರುವಾಗುತ್ತದೆ.

ಕೈಯಲ್ಲಿ ಇರಬೇಕಾದ್ದು

ಆಧಾರ್ ಅಥವಾ ಬೇರೆ ಫೋಟೋ ಗುರುತಿನ ಚೀಟಿ, ಮೂಲ ಪ್ರತಿ. ಪೂರ್ತಿ ಚಾರ್ಜ್ ಆದ ಫೋನ್. ಯುಪಿಐ ಜೊತೆಗೆ ಸ್ವಲ್ಪ ನೋಟು. ಬೀಗ ಹಾಕಲು ಬರುವ ಒಂದು ಬ್ಯಾಗ್, ಅದು ರೈಲು ನಿಲ್ದಾಣದಲ್ಲೇ ಉಳಿಯುತ್ತದೆ, ಯಾಕೆ ಅಂತ ಮುಂದೆ ಹೇಳುತ್ತೇನೆ. ಇಷ್ಟೇ. ಬೈನಾಕ್ಯುಲರ್, ಡೋಲು, ದೊಡ್ಡ ಬಾವುಟದ ಕೋಲು ಇವೆಲ್ಲ ಮನೆಯಲ್ಲೇ ಇರಲಿ.

ಹಂತ 1: ಪಂದ್ಯ ಯಾವ ಮೈದಾನದಲ್ಲಿ, ಖಚಿತ ಮಾಡಿಕೊಳ್ಳಿ

'ಬೆಂಗಳೂರಿನಲ್ಲಿ ಮ್ಯಾಚ್' ಅಂದ ಮಾತ್ರಕ್ಕೆ ಚಿನ್ನಸ್ವಾಮಿ ಅಂತ ತಿಳಿಯಬೇಡಿ. ರಾಜ್ಯ ಕ್ರಿಕೆಟ್ ಸಂಸ್ಥೆಗೆ ಆಲೂರಿನಲ್ಲೂ ಮೈದಾನಗಳಿವೆ. ಅವು ಊರ ಹೊರಗೆ, ನೆಲಮಂಗಲದ ಕಡೆ. ಬಿಸಿಸಿಐನ ಹೊಸ ತರಬೇತಿ ಕೇಂದ್ರದ ಮೈದಾನಗಳು ದೇವನಹಳ್ಳಿ ವಿಮಾನ ನಿಲ್ದಾಣದ ದಿಕ್ಕಿನಲ್ಲಿವೆ. ಇನ್ನು ಕಂಠೀರವ ಬೇರೆಯೇ. ಅಲ್ಲಿ ಫುಟ್‌ಬಾಲ್, ಅಥ್ಲೆಟಿಕ್ಸ್, ಒಳಾಂಗಣದಲ್ಲಿ ಕಬಡ್ಡಿ. ಆಟೋದವರಿಗೆ ಬರೀ 'ಸ್ಟೇಡಿಯಂ' ಅಂದರೆ ಯಾವುದಕ್ಕೆ ಬೇಕಾದರೂ ಬಿಡಬಹುದು.

ಘೋಷಣೆಯಾದ ಪಂದ್ಯ ಜಾಗ ಬದಲಿಸುವುದೂ ಉಂಟು. 2025ರ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಚಿನ್ನಸ್ವಾಮಿಯಲ್ಲಿ ನಡೆಯಬೇಕಿತ್ತು, ಕೊನೆಗೆ ನವಿ ಮುಂಬೈಗೆ ಹೋದವು. ಆ ವರ್ಷದ ಜೂನ್ 4ರಂದು ಸ್ಟೇಡಿಯಂ ಗೇಟಿನ ಬಳಿ ಆದ ಕಾಲ್ತುಳಿತವೇ ಅದಕ್ಕೆ ಕಾರಣ. ಹಾಗಾಗಿ ಮೊದಲು ವೇಳಾಪಟ್ಟಿಯಲ್ಲಿ ಮೈದಾನದ ಹೆಸರು ಓದಿ, ಆಮೇಲೆ ರೈಲು ಬುಕ್ ಮಾಡಿ, ಹೊರಡುವ ಹಿಂದಿನ ದಿನ ಇನ್ನೊಮ್ಮೆ ನೋಡಿ.

ಹಂತ 2: ವಾಪಸ್ ಬರುವ ಲೆಕ್ಕ

ಐಪಿಎಲ್ ರಾತ್ರಿ ಪಂದ್ಯ 7.30ಕ್ಕೆ ಶುರು. ಮುಗಿಯುವುದು ಹನ್ನೊಂದರ ಮೇಲೆ, ಒಂದೊಂದು ಸಲ ಹನ್ನೊಂದೂವರೆ. ಹೊರಗೆ ಬಂದು ಮೆಜೆಸ್ಟಿಕ್ ತಲುಪುವ ಹೊತ್ತಿಗೆ ಹನ್ನೆರಡು ದಾಟಿರುತ್ತದೆ. ನಮ್ಮ ಹಂಪಿ ಎಕ್ಸ್‌ಪ್ರೆಸ್ ಕೆಎಸ್‌ಆರ್ ಬೆಂಗಳೂರಿನಿಂದ, ಅಂದರೆ ಸಿಟಿ ರೈಲ್ವೆ ನಿಲ್ದಾಣದಿಂದ, ಹೊರಡುವುದು ರಾತ್ರಿ ಹತ್ತರ ಆಸುಪಾಸಿಗೆ. ಅಂದರೆ ಎರಡನೇ ಇನಿಂಗ್ಸಿನ ಅರ್ಧದಲ್ಲಿ ನಿಮ್ಮ ರೈಲು ಯಲಹಂಕದ ಕಡೆ ಹೋಗುತ್ತಿರುತ್ತದೆ. ಬಳ್ಳಾರಿಯ ಸ್ಲೀಪರ್ ಬಸ್ಸುಗಳಲ್ಲೂ ಬಹುಪಾಲು ಅಷ್ಟೊತ್ತಿಗೆ ಊರು ಬಿಟ್ಟಿರುತ್ತವೆ.

ಇದಕ್ಕೆ ಮೂರು ದಾರಿ.

ಮೊದಲನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು: ಮಧ್ಯಾಹ್ನ 3.30ರ ಪಂದ್ಯ ಹಿಡಿಯಿರಿ. ಶನಿವಾರ, ಭಾನುವಾರ ಎರಡೆರಡು ಪಂದ್ಯ ಇದ್ದಾಗ ಮೊದಲನೆಯದು ಈ ಹೊತ್ತಿಗೆ ಇರುತ್ತದೆ. ಏಳೂಕಾಲು, ಏಳೂವರೆಗೆ ಮುಗಿಯುತ್ತದೆ. ನಿಧಾನಕ್ಕೆ ಹೊರಗೆ ಬಂದು, ಊಟ ಮಾಡಿ, ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಗ್ಗೆ ಬಳ್ಳಾರಿ. ಹೊಸಪೇಟೆ, ಕೊಪ್ಪಳದವರಿಗೂ ಅದೇ ರೈಲು ಮುಂದೆ ಹೋಗುತ್ತದೆ.

ಎರಡನೆಯದು, ರಾತ್ರಿ ಪಂದ್ಯವಾದರೆ ಅಲ್ಲೇ ಉಳಿದು ಬೆಳಗ್ಗೆ ಹೊರಡುವುದು. ರೂಮನ್ನು ಎಂ.ಜಿ. ರಸ್ತೆಯಲ್ಲಿ ಹುಡುಕಬೇಡಿ, ಪಂದ್ಯದ ದಿನ ರೇಟು ಕೇಳೋಹಾಗಿಲ್ಲ. ಮೆಟ್ರೋ ನೇರಳೆ ಮಾರ್ಗದಲ್ಲಿ ಎಲ್ಲಾದರೂ ಸಾಕು. ಗಾಂಧಿನಗರ, ಮೆಜೆಸ್ಟಿಕ್ ಸುತ್ತ ನಮ್ಮ ಜೇಬಿಗೆ ಹೊಂದುವ ಲಾಡ್ಜುಗಳು ಬೇಕಾದಷ್ಟಿವೆ. ಮೊದಲೇ ಫೋನ್ ಮಾಡಿ, 'ರಾತ್ರಿ ಒಂದು ಗಂಟೆಗೆ ಬರ್ತೀವಿ, ಗೇಟು ತೆಗೀತೀರಾ' ಅಂತ ಕೇಳಿಕೊಳ್ಳಿ. ಈ ಒಂದು ಮಾತು ಕೇಳದೆ ಹೊರಗೆ ನಿಂತವರು ಇದ್ದಾರೆ.

ಮೂರನೆಯದು ಸ್ವಂತ ಕಾರು. ಚಳ್ಳಕೆರೆ, ಹಿರಿಯೂರು, ತುಮಕೂರು ಮೇಲೆ ಸುಮಾರು 300 ಕಿಲೋಮೀಟರ್. ಹೋಗುವಾಗ ಸರಿ. ಆದರೆ ರಾತ್ರಿಯಿಡೀ ಕೂಗಿ, ನಿದ್ದೆಗೆಟ್ಟು, ಅದೇ ರಾತ್ರಿ ಹಿರಿಯೂರಿನ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಓಡಿಸಿಕೊಂಡು ಬರುವುದು ಬೇಡ. ಡ್ರೈವರ್ ಬೇರೆ ಇದ್ದು, ಅವರು ಮಧ್ಯಾಹ್ನ ಮಲಗಿದ್ದರೆ ಮಾತ್ರ ಯೋಚಿಸಿ. ಅಂದಹಾಗೆ ಸ್ಟೇಡಿಯಂ ಹತ್ತಿರ ಪಾರ್ಕಿಂಗ್ ಅನ್ನುವುದನ್ನು ಮರೆತುಬಿಡಿ.

ರಾಯಚೂರಿನವರಿಗೆ ಉದ್ಯಾನ್, ಕರ್ನಾಟಕ ಎಕ್ಸ್‌ಪ್ರೆಸ್‌ನಂಥ ಗುಂತಕಲ್ ಮಾರ್ಗದ ರೈಲುಗಳಿವೆ. ಯಾವ ರೈಲಾದರೂ ಸೀಟು ತುಂಬುವುದು ಬೇಗ. ಪಂದ್ಯದ ಟಿಕೆಟ್ ಮಾರಾಟ ಶುರುವಾಗುವುದಕ್ಕೂ ಮೊದಲೇ ರೈಲು ಬುಕ್ ಮಾಡಿ. ಪಂದ್ಯದ ಟಿಕೆಟ್ ಸಿಗದಿದ್ದರೆ ರೈಲಿನದು ರದ್ದು ಮಾಡಬಹುದು, ಸ್ವಲ್ಪ ದುಡ್ಡು ಹೋಗುತ್ತದೆ ಅಷ್ಟೆ. ಉಲ್ಟಾ ಆದರೆ ಕಷ್ಟ.

ಹಂತ 3: ಯಾವ ಪಂದ್ಯ ನೋಡುವುದು

ಎಲ್ಲರಿಗೂ ಬೇಕಾದ್ದು ಆರ್‌ಸಿಬಿ. ಅದಕ್ಕೆ ಬೆಲೆಯೂ ಹಾಗೇ ಇದೆ. 2025ರಲ್ಲಿ ಅತಿ ಅಗ್ಗದ ಸೀಟೇ 2,000 ರೂಪಾಯಿ ದಾಟಿತ್ತು. ಗಂಡ, ಹೆಂಡತಿ, ಇಬ್ಬರು ಮಕ್ಕಳು ಅಂದರೆ ಲೆಕ್ಕ ನೀವೇ ಹಾಕಿ.

ನಿಮಗೆ ಮೈದಾನ ನೋಡುವ ಆಸೆ, ಗದ್ದಲ ಬೇಡ ಅಂದರೆ ರಾಜ್ಯ ತಂಡಗಳು ಆಡುವ ರಣಜಿ ಪಂದ್ಯಕ್ಕೆ ಹೋಗಿ. ಸಾಮಾನ್ಯವಾಗಿ ಟಿಕೆಟ್ಟೇ ಇರುವುದಿಲ್ಲ, ಸುಮ್ನೆ ಒಳಗೆ ಹೋಗಿ ಕೂರಬಹುದು. ಚಳಿಗಾಲದ ಬೆಳಗ್ಗೆ 9.30ಕ್ಕೆ ಆಟ ಶುರು. ಕೆಲವೇ ನೂರು ಜನ. ಬ್ಯಾಟಿಗೆ ಚೆಂಡು ತಾಗಿದ 'ಟಕ್' ಶಬ್ದ, ಸ್ಲಿಪ್‌ನಲ್ಲಿ ನಿಂತವರು ಕನ್ನಡದಲ್ಲೇ ಬೌಲರ್‌ಗೆ ಹೇಳುವ ಮಾತು, ಎಲ್ಲ ಕೇಳಿಸುತ್ತದೆ. ಕ್ರಿಕೆಟ್ ಕಲಿಯುತ್ತಿರುವ ಮಗಳೋ ಮಗನೋ ಇದ್ದರೆ ಅವರನ್ನು ಐಪಿಎಲ್‌ಗಿಂತ ಮೊದಲು ಇದಕ್ಕೆ ಕರೆದುಕೊಂಡು ಹೋಗಿ. ಟೆಸ್ಟ್ ಪಂದ್ಯವೂ ಒಳ್ಳೆಯ ಆಯ್ಕೆ. ಸಂಜೆ ಐದರೊಳಗೆ ಮುಗಿಯುವುದರಿಂದ ರಾತ್ರಿ ರೈಲಿಗೆ ತೊಂದರೆಯೇ ಇಲ್ಲ.

ಹಂತ 4: ಟಿಕೆಟ್

ಆರ್‌ಸಿಬಿ ಪಂದ್ಯಗಳ ಟಿಕೆಟ್ ತಂಡದ ಅಧಿಕೃತ ಜಾಲತಾಣ ಮತ್ತು ಆ್ಯಪ್‌ನಲ್ಲಿ ಮಾರಾಟವಾಗುತ್ತದೆ. ಭಾರತ ತಂಡದ ಪಂದ್ಯಕ್ಕಾದರೆ ಎಲ್ಲಿ ಮಾರುತ್ತಾರೆ ಅನ್ನುವುದನ್ನು ಬಿಸಿಸಿಐ ಮತ್ತು ರಾಜ್ಯ ಸಂಸ್ಥೆ ಪ್ರಕಟಿಸುತ್ತವೆ. ಮಾರಾಟದ ದಿನ ಮಾಡಬೇಕಾದ್ದು ಇಷ್ಟು.

ಹಿಂದಿನ ದಿನವೇ ಖಾತೆ ತೆರೆದು, ಫೋನ್ ನಂಬರ್, ಇಮೇಲ್ ಖಚಿತಪಡಿಸಿಕೊಳ್ಳಿ. ಮಾರಾಟ ಶುರುವಾಗುವ ಹದಿನೈದು ನಿಮಿಷ ಮೊದಲು ಲಾಗಿನ್ ಆಗಿ. 'ವರ್ಚುವಲ್ ಕ್ಯೂ' ಅಂತ ಬರುತ್ತದೆ. ಅದು ಪರದೆಯ ಮೇಲಿನ ಸರತಿ ಸಾಲು, ನಿಮಗೊಂದು ನಂಬರ್ ಕೊಟ್ಟು ಕಾಯಿಸುತ್ತದೆ. ಆ ಹೊತ್ತಿಗೆ ಪುಟವನ್ನು ರಿಫ್ರೆಶ್ ಮಾಡಿದರೆ ಸಾಲಿನ ಕೊನೆಗೆ ಹೋಗುವ ಅಪಾಯ ಇದೆ. ಕೈ ಕಟ್ಟಿ ಕೂರಿ. ಸೀಟು ಸಿಕ್ಕ ಮೇಲೆ ದುಡ್ಡು ಕಟ್ಟಲು ಕೊಡುವುದು ಕೆಲವೇ ನಿಮಿಷ. ಯುಪಿಐಗೆ ದಿನದ ಮಿತಿ ಇರುತ್ತದೆ, ನಾಲ್ಕೈದು ಟಿಕೆಟ್ ತೆಗೆಯುವವರು ಅದನ್ನು ಮೊದಲೇ ನೋಡಿಕೊಳ್ಳಿ. ಒಬ್ಬರಿಗೆ ಇಷ್ಟೇ ಟಿಕೆಟ್ ಅಂತ ಮಿತಿಯೂ ಇರುತ್ತದೆ.

ಟಿಕೆಟ್ ಮೂರು ಬಗೆಯಲ್ಲಿ ಬರಬಹುದು. ಎಂ-ಟಿಕೆಟ್ ಅಂದರೆ ಫೋನಿನಲ್ಲಿ ಬರುವ ಕ್ಯೂಆರ್ ಕೋಡ್. ಕೊರಿಯರ್ ಅಂದರೆ ಮನೆಗೆ ಬರುವ ಕಾಗದದ ಟಿಕೆಟ್. ಬಾಕ್ಸ್ ಆಫೀಸ್ ಪಿಕಪ್ ಅಂದರೆ ನೀವೇ ಬೆಂಗಳೂರಿನ ಕೌಂಟರಿಗೆ ಹೋಗಿ ಗುರುತಿನ ಚೀಟಿ ತೋರಿಸಿ ತರುವುದು. ನಮ್ಮಂಥ ದೂರದವರಿಗೆ ಎಂ-ಟಿಕೆಟ್ ವಾಸಿ. ಪಿಕಪ್ ಬಂದರೆ ಕೌಂಟರ್ ಯಾವ ದಿನ, ಎಷ್ಟು ಹೊತ್ತಿನ ತನಕ ತೆರೆದಿರುತ್ತದೆ ನೋಡಿಕೊಳ್ಳಿ. ಯಾರ ಹೆಸರಲ್ಲಿ ಬುಕ್ ಆಗಿದೆಯೋ ಅವರೇ ಹೋಗಬೇಕಾಗುತ್ತದೆ.

ಎಚ್ಚರಿಕೆ. ವಾಟ್ಸಾಪ್, ಟೆಲಿಗ್ರಾಂ ಗುಂಪುಗಳಲ್ಲಿ 'ಎರಡು ಟಿಕೆಟ್ ಇದೆ ಬ್ರದರ್, ಹೋಗೋಕಾಗ್ತಿಲ್ಲ' ಅಂತ ಬರುವವರನ್ನು ನಂಬಬೇಡಿ. ಒಂದೇ ಪಿಡಿಎಫ್ ಹತ್ತು ಜನಕ್ಕೆ ಮಾರಿರುತ್ತಾರೆ. ಗೇಟಿನಲ್ಲಿ ಮೊದಲು ಸ್ಕ್ಯಾನ್ ಮಾಡಿಸಿದವನು ಒಳಗೆ, ಉಳಿದ ಒಂಬತ್ತು ಜನ ರಸ್ತೆಯಲ್ಲಿ. ಟಿಕೆಟ್ ಸಿಕ್ಕ ಖುಷಿಗೆ ಕ್ಯೂಆರ್ ಕೋಡಿನ ಫೋಟೋವನ್ನು ಸ್ಟೇಟಸ್‌ಗೆ ಹಾಕುವುದೂ ಅಷ್ಟೇ ದಡ್ಡತನ. ಅದನ್ನು ಯಾರಾದರೂ ಕಾಪಿ ಮಾಡಿಕೊಂಡು ನಿಮಗಿಂತ ಮೊದಲು ಒಳಗೆ ಹೋಗಬಹುದು.

ಹಂತ 5: ಸೀಟು ಆರಿಸುವುದು

ಪಿಚ್ಚಿನ ಎರಡು ತುದಿಗೆ ಪೆವಿಲಿಯನ್ ಎಂಡ್, ಬಿಇಎಂಎಲ್ ಎಂಡ್ ಅಂತ ಹೆಸರು. ಪ್ರೇಕ್ಷಕರ ಗ್ಯಾಲರಿಗಳಿಗೆ, ಅಂದರೆ ಸ್ಟ್ಯಾಂಡುಗಳಿಗೆ, ಇಂಗ್ಲಿಷ್ ಅಕ್ಷರಗಳು. ಸೀಟಿನ ನಕ್ಷೆಯಲ್ಲಿ ಎರಡು ವಿಷಯ ನೋಡಿ.

ಬೌಲರ್ ಓಡಿಬರುವ ಗೆರೆಯಲ್ಲೇ, ಅಂದರೆ ಪಿಚ್ಚಿನ ನೇರಕ್ಕೆ ಕೂತರೆ ಚೆಂಡು ಎಷ್ಟು ತಿರುಗಿತು, ಸ್ವಿಂಗ್ ಆಯಿತಾ ಅನ್ನುವುದು ಕಾಣುತ್ತದೆ. ಪಕ್ಕದಲ್ಲಿ ಕೂತರೆ ಚೆಂಡಿನ ವೇಗ, ಓಟ, ಕ್ಯಾಚು ಚೆನ್ನಾಗಿ ಕಾಣುತ್ತದೆ. ಟಿವಿಯಲ್ಲಿ ನೋಡಿ ಅಭ್ಯಾಸ ಆದವರಿಗೆ ನೇರದ ಸೀಟು ಇಷ್ಟವಾಗುತ್ತದೆ. ನನಗೆ ಪಕ್ಕದ್ದೇ ಇಷ್ಟ, ಫೀಲ್ಡರ್‌ಗಳ ಓಡಾಟ ನೋಡಲು ಅದಕ್ಕಿಂತ ಜಾಗ ಇಲ್ಲ.

ಇನ್ನೊಂದು ಬಿಸಿಲು. ಮಧ್ಯಾಹ್ನದ ಪಂದ್ಯವಾದರೆ ಫೋನಿನ ಭೂಪಟ ತೆಗೆದು ಪಶ್ಚಿಮ ಯಾವ ಕಡೆ ನೋಡಿ. ಪೂರ್ವ ಬದಿಯಲ್ಲಿ ಕೂತು ಪಶ್ಚಿಮಕ್ಕೆ ಮುಖ ಮಾಡಿದರೆ ನಾಲ್ಕರಿಂದ ಆರರ ತನಕ ಸೂರ್ಯ ನೇರ ಕಣ್ಣಿಗೆ. ಬಳ್ಳಾರಿ ಬಿಸಿಲು ಕಂಡವರಿಗೆ ಇದೇನು ಮಹಾ ಅನ್ನಬಹುದು. ಸುಡುವುದಿಲ್ಲ ನಿಜ, ಆದರೆ ಚೆಂಡೇ ಕಾಣುವುದಿಲ್ಲ.

ಹಂತ 6: ಹೊರಡುವ ದಿನ

ಒಳಗೆ ಬಿಡದ ವಸ್ತುಗಳ ಪಟ್ಟಿ ಟಿಕೆಟ್ಟಿನ ಹಿಂದೆಯೇ ಇರುತ್ತದೆ, ಯಾರೂ ಓದುವುದಿಲ್ಲ. ಬ್ಯಾಗು, ನೀರಿನ ಬಾಟಲಿ, ಹೊರಗಿನ ತಿಂಡಿ, ಪವರ್ ಬ್ಯಾಂಕ್, ಹೆಲ್ಮೆಟ್, ಛತ್ರಿ, ಲೈಟರ್, ಬೆಂಕಿಪೊಟ್ಟಣ, ಸೆಲ್ಫಿ ಕೋಲು ಇವು ಸಾಮಾನ್ಯವಾಗಿ ನಿಷಿದ್ಧ. ಕೆಲವು ಪಂದ್ಯಗಳಲ್ಲಿ ಜೇಬಿನ ಚಿಲ್ಲರೆ ನಾಣ್ಯವನ್ನೂ ಹೊರಗೆ ಹಾಕಿಸುತ್ತಾರೆ. ಗೇಟಿನಲ್ಲಿ ಬಿಟ್ಟ ವಸ್ತು ವಾಪಸ್ ಸಿಗುವ ಆಸೆ ಬೇಡ. ನನ್ನದೊಂದು ಪವರ್ ಬ್ಯಾಂಕ್ ಹಾಗೆ ಹೋಗಿದೆ. ಪಕ್ಕದ ಅಂಗಡಿಯವನು 'ಇಟ್ಕೋತೀನಿ ಕೊಡಿ' ಅಂದ, ಮ್ಯಾಚ್ ಮುಗಿಸಿ ಬಂದಾಗ ಷಟರ್ ಎಳೆದಿತ್ತು.

ಅದಕ್ಕೇ ಬ್ಯಾಗಿಗೆ ಬೀಗ ಬೇಕು ಅಂದದ್ದು. ಕೆಎಸ್‌ಆರ್ ಬೆಂಗಳೂರು ನಿಲ್ದಾಣದಲ್ಲಿ ಕ್ಲೋಕ್ ರೂಮ್ ಇದೆ, ದುಡ್ಡು ತೆಗೆದುಕೊಂಡು ಸಾಮಾನು ಇಟ್ಟುಕೊಳ್ಳುವ ಕೋಣೆ. ಬೀಗ ಇಲ್ಲದ ಬ್ಯಾಗನ್ನು ತೆಗೆದುಕೊಳ್ಳುವುದಿಲ್ಲ. ರೈಲು ಟಿಕೆಟ್, ಗುರುತಿನ ಚೀಟಿ ಕೇಳುತ್ತಾರೆ. ಕೊಟ್ಟ ರಸೀದಿಯನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ರೂಮ್ ಮಾಡಿದವರು ಅಲ್ಲೇ ಇಟ್ಟು ಬನ್ನಿ.

ಮನೆಯಿಂದ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ರೈಲಿನಲ್ಲೇ ಮುಗಿಸಿ, ಅಥವಾ ಕಬ್ಬನ್ ಪಾರ್ಕಿನ ಮರದ ಕೆಳಗೆ ಕೂತು ತಿನ್ನಿ. ಗೇಟಿನವರಿಗೆ 'ಮನೆ ರೊಟ್ಟಿ ಸಾರ್' ಅಂದರೂ ಬಿಡುವುದಿಲ್ಲ. ಒಳಗೆ ತಿಂಡಿ ಸಿಗುತ್ತದೆ, ಬೆಲೆ ಜಾಸ್ತಿ. ನಮ್ಮ ಒಗ್ಗರಣಿ-ಮಿರ್ಚಿಯ ರುಚಿ, ರೇಟು ಎರಡನ್ನೂ ಅಲ್ಲಿ ಹುಡುಕಬೇಡಿ. ಹೊಟ್ಟೆ ತುಂಬಿಸಿಕೊಂಡೇ ಒಳಗೆ ಹೋಗುವುದು ಜಾಣತನ. ಕುಡಿಯುವ ನೀರು ಸ್ಟ್ಯಾಂಡಿನ ಹಿಂದೆ ಸಿಗುತ್ತದೆ.

ಹಂತ 7: ನಿಲ್ದಾಣದಿಂದ ಸ್ಟೇಡಿಯಂಗೆ

ಇದು ಸುಲಭ. ರೈಲಿನಲ್ಲಿ ಬಂದವರು ಸಿಟಿ ರೈಲ್ವೆ ನಿಲ್ದಾಣದ ಮೆಟ್ರೋದಲ್ಲಿ, ಬಸ್ಸಿನಲ್ಲಿ ಬಂದವರು ಮೆಜೆಸ್ಟಿಕ್ ಮೆಟ್ರೋದಲ್ಲಿ ನೇರಳೆ ಮಾರ್ಗ ಹಿಡಿಯಿರಿ, ವೈಟ್‌ಫೀಲ್ಡ್ ದಿಕ್ಕಿನ ರೈಲು. ಮೆಜೆಸ್ಟಿಕ್ ಆದ ಮೇಲೆ ಸೆಂಟ್ರಲ್ ಕಾಲೇಜು, ವಿಧಾನಸೌಧ, ಮೂರನೆಯದೇ ಕಬ್ಬನ್ ಪಾರ್ಕ್. ಹೊರಗೆ ಬಂದರೆ ಸ್ಟೇಡಿಯಂ ಕಣ್ಣೆದುರಿಗೇ. ಕಂಟೋನ್ಮೆಂಟ್‌ನಲ್ಲಿ ನಿಲ್ಲುವ ರೈಲಾದರೆ ಅಲ್ಲೇ ಇಳಿದು ಆಟೋ ಮಾಡಬಹುದು, ದೂರ ಕಡಿಮೆ. ಆದರೆ ಬ್ಯಾಗಿನ ವ್ಯವಸ್ಥೆ ಬೇರೆ ನೋಡಿಕೊಳ್ಳಬೇಕು.

ಜನ ಜಾಸ್ತಿಯಾದರೆ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ರೈಲು ನಿಲ್ಲಿಸದೆ ಮುಂದೆ ಒಯ್ಯುವುದೂ ಇದೆ. ಗಾಬರಿ ಬೇಡ. ಮುಂದಿನ ಎಂ.ಜಿ. ರಸ್ತೆ ನಿಲ್ದಾಣದಲ್ಲಿ ಇಳಿದು ನಡೆದು ಬನ್ನಿ.

ವಾಪಸ್ ಮೆಟ್ರೋ ಟಿಕೆಟ್ಟನ್ನು ಹೋಗುವಾಗಲೇ ತೆಗೆದಿಡಿ, ಇಲ್ಲವೇ ಮೆಟ್ರೋ ಕಾರ್ಡಿನಲ್ಲಿ ದುಡ್ಡು ತುಂಬಿಸಿಕೊಳ್ಳಿ. ರಾತ್ರಿ ಕೌಂಟರ್ ಮುಂದಿನ ಸಾಲು ನೋಡಿದರೆ ನನ್ನನ್ನು ನೆನೆಯುತ್ತೀರಿ. ಪಂದ್ಯದ ದಿನ ಕೊನೆಯ ರೈಲಿನ ಸಮಯವನ್ನು ಮುಂದಕ್ಕೆ ಹಾಕುವ ರೂಢಿ ಇದೆ. ಎಷ್ಟರ ತನಕ ಅನ್ನುವುದನ್ನು ಮೆಟ್ರೋ ನಿಗಮ ಆಯಾ ಪಂದ್ಯಕ್ಕೆ ಪ್ರಕಟಿಸುತ್ತದೆ.

ಹಂತ 8: ಗೇಟು

ಇದನ್ನು ನಿಧಾನವಾಗಿ ಓದಿ.

2025ರ ಜೂನ್ 3ರಂದು ಆರ್‌ಸಿಬಿ ಅಹಮದಾಬಾದಿನಲ್ಲಿ ಮೊದಲ ಸಲ ಐಪಿಎಲ್ ಗೆದ್ದಿತು. ಮರುದಿನ ಚಿನ್ನಸ್ವಾಮಿಯಲ್ಲಿ ಸಂಭ್ರಮಾಚರಣೆ ಅಂತ ಸುದ್ದಿಯಾಯಿತು. ಒಳಗೆ ಹಿಡಿಯುವ ಜನ ಸುಮಾರು 35 ಸಾವಿರ. ಹೊರಗೆ ಬಂದವರು ಅದರ ಎಷ್ಟೋ ಪಟ್ಟು. ಗೇಟಿನ ಬಳಿ ನೂಕುನುಗ್ಗಲಾಗಿ 11 ಜನ ಸತ್ತರು. ಹೆಚ್ಚಿನವರು ಹುಡುಗ-ಹುಡುಗಿಯರು. ಅದು ಪಂದ್ಯದ ದಿನ ಅಲ್ಲ, ಸೀಟು ನಂಬರ್ ಇರುವ ಟಿಕೆಟ್ಟೂ ಇರಲಿಲ್ಲ. ಯಾರಿಗೆ ಒಳಗೆ ಜಾಗ ಇದೆ ಅನ್ನುವುದೇ ಜನಕ್ಕೆ ಸ್ಪಷ್ಟ ಇರಲಿಲ್ಲ. ಆದ್ದರಿಂದ ಮೊದಲ ನಿಯಮ: ಕೈಯಲ್ಲಿ ಟಿಕೆಟ್ ಇಲ್ಲದೆ ಆ ರಸ್ತೆಗೇ ಹೋಗಬೇಡಿ. 'ಫ್ರೀ ಪಾಸ್ ಕೊಡ್ತಾರಂತೆ' ಅಂದರೆ ನಂಬಬೇಡಿ.

ಟಿಕೆಟ್ಟಿನ ಮೇಲೆ ಗೇಟಿನ ನಂಬರ್ ಇರುತ್ತದೆ. ಸ್ಟೇಡಿಯಂ ಸುತ್ತ ಎಂ.ಜಿ. ರಸ್ತೆಯ ಕುಂಬ್ಳೆ ವೃತ್ತ, ಕ್ವೀನ್ಸ್ ರಸ್ತೆ, ಕಬ್ಬನ್ ರಸ್ತೆ, ಲಿಂಕ್ ರಸ್ತೆ ಇವೆ. ನಿಮ್ಮ ಗೇಟು ಯಾವ ರಸ್ತೆಗೆ ತೆರೆಯುತ್ತದೆ ಅನ್ನುವುದನ್ನು ಮೆಟ್ರೋದಲ್ಲಿ ಕೂತಿರುವಾಗಲೇ ನೋಡಿಕೊಳ್ಳಿ. ತಪ್ಪು ಗೇಟಿನ ಸಾಲಿನಲ್ಲಿ ಅರ್ಧ ಗಂಟೆ ನಿಂತು, ಆಮೇಲೆ ಜನರ ಎದುರು ದಿಕ್ಕಿಗೆ ನುಗ್ಗಿಕೊಂಡು ಬರುವುದೇ ಎಲ್ಲಕ್ಕಿಂತ ಅಪಾಯ. ಪಂದ್ಯಕ್ಕೆ ಎರಡು ಗಂಟೆ ಮೊದಲು ಗೇಟಿಗೆ ಬಂದರೆ ಆರಾಮ. ಟಾಸ್ ಹೊತ್ತಿಗೆ ಬರುವವರೇ ಜಾಸ್ತಿ, ಅವರ ಜೊತೆ ಸೇರಬೇಡಿ.

ಸಾಲಿನಲ್ಲಿ ಒತ್ತಡ ಹೆಚ್ಚಾಯಿತು, ನಿಮ್ಮ ಕಾಲು ನಿಮ್ಮ ಮಾತು ಕೇಳುತ್ತಿಲ್ಲ ಅನ್ನಿಸಿದರೆ ಹೀಗೆ ಮಾಡಿ. ಎರಡೂ ಕೈಯನ್ನು ಮಡಚಿ ಎದೆಯ ಮುಂದೆ ತನ್ನಿ, ಬಾಕ್ಸಿಂಗ್ ಆಡುವವರ ಹಾಗೆ. ಎದೆಗೂ ಮುಂದಿನವರ ಬೆನ್ನಿಗೂ ನಡುವೆ ಗೇಣು ಜಾಗ ಉಳಿದರೆ ಉಸಿರಾಡಬಹುದು. ಕಾಲ್ತುಳಿತ ಅಂತ ಕರೆದರೂ ಜೀವ ಹೋಗುವುದು ಬಹುಪಾಲು ತುಳಿತದಿಂದಲ್ಲ, ಎದೆ ಒತ್ತಿ ಉಸಿರು ನಿಲ್ಲುವುದರಿಂದ. ಹಿಂದಕ್ಕೆ ತಳ್ಳಬೇಡಿ. ಓರೆಯಾಗಿ ಅಂಚಿನ ಕಡೆ ಸರಿಯುತ್ತ ಹೋಗಿ. ಗೋಡೆ, ಕಬ್ಬಿಣದ ಬ್ಯಾರಿಕೇಡಿಗೆ ಒತ್ತಿಕೊಂಡು ನಿಲ್ಲಬೇಡಿ. ಚಪ್ಪಲಿ, ಫೋನ್ ಬಿದ್ದರೆ ಬಗ್ಗಬೇಡಿ, ಹೋಗಲಿ ಬಿಡಿ. ಮಗುವಿದ್ದರೆ ಎತ್ತಿಕೊಳ್ಳಿ.

ಚಪ್ಪಲಿಗಿಂತ ಶೂ ಒಳ್ಳೆಯದು. ಮಕ್ಕಳ ಜೇಬಿನಲ್ಲಿ ಹೆಸರು, ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇಡಿ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ. 'ಗೇಟಿನ ಹತ್ತಿರ' ಅಂತ ಬೇಡ, 'ಎಂ.ಜಿ. ರಸ್ತೆ ಮೆಟ್ರೋ ಮೆಟ್ಟಿಲ ಕೆಳಗೆ' ಅನ್ನುವಂಥ ಸ್ವಲ್ಪ ದೂರದ ಜಾಗ ಇರಲಿ. ಚಿಕ್ಕ ಮಗುವಿಗೂ ಟಿಕೆಟ್ ಬೇಕಾಗಬಹುದು, ವಯಸ್ಸಿನ ಷರತ್ತು ಓದಿ. ಎರಡು ಮೂರು ವರ್ಷದ ಕೂಸನ್ನು ರಾತ್ರಿ ಪಂದ್ಯಕ್ಕೆ ತರಲೇಬೇಡಿ ಅನ್ನುವುದು ನನ್ನ ಅಭಿಪ್ರಾಯ. ಆ ಸದ್ದಿಗೆ ದೊಡ್ಡವರ ಕಿವಿಯೇ ಗುಂಯ್ ಅನ್ನುತ್ತದೆ.

ಇನ್ನೊಂದು ವಿಷಯ. ಗೇಟಿನ ಹತ್ತಿರ ಫೋನಿನ ನೆಟ್‌ವರ್ಕ್ ಸಿಗುವುದು ಕಷ್ಟ. ಎಂ-ಟಿಕೆಟ್ಟನ್ನು ರೂಮಿನಲ್ಲೇ ತೆರೆದು ಫೋನಿನಲ್ಲಿ ಉಳಿಸಿಕೊಳ್ಳಿ. ಸ್ಕ್ರೀನ್‌ಶಾಟ್ ಎಲ್ಲ ಸಲವೂ ನಡೆಯುವುದಿಲ್ಲ, ಕೆಲವು ಕ್ಯೂಆರ್ ಕೋಡುಗಳು ಆಗಾಗ ಬದಲಾಗುತ್ತಿರುತ್ತವೆ. ಪವರ್ ಬ್ಯಾಂಕ್ ಇಲ್ಲ ಅನ್ನುವುದು ನೆನಪಿರಲಿ, ರೈಲಿನಲ್ಲಿ ರೀಲ್ಸ್ ನೋಡಿ ಬ್ಯಾಟರಿ ಖಾಲಿ ಮಾಡಬೇಡಿ.

ಹಂತ 9: ಸೀಟಿನಲ್ಲಿ ಕೂತ ಮೇಲೆ

ಬೇಗ ಬಂದಿದ್ದೀರಿ, ಆಟಕ್ಕೆ ಇನ್ನೂ ಒಂದು ಗಂಟೆ ಇದೆ. ಮೊದಲ ಸಲ ಬಂದವರು ಸಾಮಾನ್ಯವಾಗಿ ಹೇಳುವುದು, 'ಇಷ್ಟು ಚಿಕ್ಕದಾ!' ಹೌದು, ಟಿವಿಯಲ್ಲಿ ಕಂಡದ್ದಕ್ಕಿಂತ ಚಿಕ್ಕದು. ಬೌಂಡರಿ ಹತ್ತಿರ. ಸಾಲದ್ದಕ್ಕೆ ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ, ನಮ್ಮ ಬಳ್ಳಾರಿಗಿಂತ 400 ಮೀಟರಿಗೂ ಹೆಚ್ಚು. ಅಲ್ಲಿ ಗಾಳಿ ಸ್ವಲ್ಪ ತೆಳು, ಚೆಂಡು ಇನ್ನಷ್ಟು ದೂರ ಹೋಗುತ್ತದೆ. ಆರ್‌ಸಿಬಿಯ ಗೇಲ್ 2013ರ ಏಪ್ರಿಲ್ 23ರಂದು ಪುಣೆ ವಿರುದ್ಧ 66 ಚೆಂಡಿಗೆ 175 ಹೊಡೆದದ್ದು, 17 ಸಿಕ್ಸರ್ ಬಾರಿಸಿದ್ದು ಇಲ್ಲೇ. ಐಪಿಎಲ್‌ನ ಮೊಟ್ಟಮೊದಲ ಪಂದ್ಯ, 2008ರ ಏಪ್ರಿಲ್ 18, ಕೋಲ್ಕತ್ತದ ಮೆಕಲಮ್ ಔಟಾಗದೆ 158. ಅದೂ ಇಲ್ಲೇ. ಆವತ್ತು ಹೊಡೆಸಿಕೊಂಡವರು ನಾವು.

ಈ ಸ್ಟೇಡಿಯಂಗೆ 1969ರಲ್ಲಿ ಶಂಕುಸ್ಥಾಪನೆ ಆಗಿ ಮರುವರ್ಷ ಕಟ್ಟಲು ಶುರು ಮಾಡಿದರು. ಮೊದಲು ರಾಜ್ಯ ಕ್ರಿಕೆಟ್ ಸಂಸ್ಥೆಯ ಹೆಸರಲ್ಲಿ ಬರೀ ಕೆಎಸ್‌ಸಿಎ ಸ್ಟೇಡಿಯಂ. ಆಮೇಲೆ ಬಂದ ಹೆಸರು ಎಂ. ಚಿನ್ನಸ್ವಾಮಿ ಅವರದು. ವೃತ್ತಿಯಲ್ಲಿ ವಕೀಲರು, ಆಟಗಾರರಲ್ಲ. ರಾಜ್ಯ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರು, 1977ರಿಂದ 1980ರ ತನಕ ಬಿಸಿಸಿಐ ಅಧ್ಯಕ್ಷರು. ಕ್ರಿಕೆಟ್ ಮೈದಾನಕ್ಕೆ ರಾಜಕಾರಣಿಯ ಹೆಸರಿಲ್ಲದಿರುವುದು ಅಪರೂಪ ಅಲ್ವಾ.

ಹಿರಿಯರು ಜೊತೆಗಿದ್ದರೆ 1974 ಅಂತ ಒಂದು ಮಾತು ತೆಗೆಯಿರಿ ಸಾಕು. ಆಗ ಬಾಂಬೆ ತಂಡ ಸತತ 15 ವರ್ಷ ರಣಜಿ ಗೆದ್ದು ಕೂತಿತ್ತು. ಸೆಮಿಫೈನಲ್ ಇದೇ ಮೈದಾನದಲ್ಲಿ. ಗುಂಡಪ್ಪ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ ಕೂಡ ಶತಕ. ಬಾಂಬೆಯ ನಾಯಕ ವಾಡೇಕರ್ ಚೆನ್ನಾಗಿ ಆಡುತ್ತಿದ್ದವರು ಓಡುವಾಗ ಕಾಲು ಜಾರಿ ರನೌಟ್ ಆದರು. ಮೊದಲ ಇನಿಂಗ್ಸಿನ ಮುನ್ನಡೆಯ ಮೇಲೆ ಕರ್ನಾಟಕ ಫೈನಲ್‌ಗೆ, ಆ ವರ್ಷದ ಟ್ರೋಫಿಯೂ ನಮಗೇ, ಮೊಟ್ಟಮೊದಲ ಸಲ. ಅದೇ ವರ್ಷ ನವೆಂಬರಿನಲ್ಲಿ ಇಲ್ಲಿ ಮೊದಲ ಟೆಸ್ಟ್. ಸ್ಟ್ಯಾಂಡುಗಳು ಇನ್ನೂ ಪೂರ್ತಿ ಕಟ್ಟಿ ಮುಗಿದಿರಲಿಲ್ಲ. ವೆಸ್ಟ್ ಇಂಡೀಸ್‌ನ ಇಬ್ಬರು ಹುಡುಗರು ಅಂದು ಮೊದಲ ಟೆಸ್ಟ್ ಆಡಿದರು, ಗಾರ್ಡನ್ ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್. ಗ್ರೀನಿಜ್ 93 ಮತ್ತು 107. ರಿಚರ್ಡ್ಸ್ 4 ಮತ್ತು 3! ನೋಡಿದವರು ಇವನೇನು ಆಡ್ತಾನೆ ಅಂದುಕೊಂಡಿರಬೇಕು.

1987ರ ಮಾರ್ಚಿನಲ್ಲಿ ಸುನಿಲ್ ಗಾವಸ್ಕರ್ ತಮ್ಮ ಕೊನೆಯ ಟೆಸ್ಟ್ ಇಲ್ಲಿ ಆಡಿದರು. ಚೆಂಡು ಬುಗುರಿಯ ಹಾಗೆ ತಿರುಗುತ್ತಿದ್ದ ಪಿಚ್ಚಿನಲ್ಲಿ 96. ಪಾಕಿಸ್ತಾನ 16 ರನ್ನಿನಿಂದ ಗೆದ್ದಿತು. ಅದಕ್ಕೆ ಬಡ್ಡಿ ಸಮೇತ ಉತ್ತರ ಸಿಕ್ಕಿದ್ದು 1996ರ ಮಾರ್ಚ್ 9ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ. ಹೊನಲು ಬೆಳಕಿನ ಕಂಬಗಳನ್ನು ಹಾಕಿದ್ದೇ ಆ ವಿಶ್ವಕಪ್ಪಿಗೆ. ಪಾಕಿಸ್ತಾನದ ಸೊಹೇಲ್ ಬೌಂಡರಿ ಹೊಡೆದು ಬ್ಯಾಟ್ ತೋರಿಸಿದ್ದು, ಮುಂದಿನ ಚೆಂಡಿಗೇ ನಮ್ಮ ವೆಂಕಟೇಶ್ ಪ್ರಸಾದ್ ಸ್ಟಂಪ್ ಕಿತ್ತದ್ದು ಎಲ್ಲರಿಗೂ ಬಾಯಿಪಾಠ. ಆದರೆ ನನಗೆ ಅದಕ್ಕಿಂತ ಪ್ರೀತಿಯದು ಅದೇ ವರ್ಷ ಅಕ್ಟೋಬರಿನ ಪಂದ್ಯ. ಆಸ್ಟ್ರೇಲಿಯಾ ಎದುರು 216 ಬೇಕು, 164ಕ್ಕೆ 8 ವಿಕೆಟ್ ಹೋಗಿದ್ದವು. ಸಚಿನ್ 88ಕ್ಕೆ ಔಟಾಗಿ ನಡೆದಿದ್ದರು. ಉಳಿದವರು ಶ್ರೀನಾಥ್, ಕುಂಬ್ಳೆ. ಇಬ್ಬರೂ ನಮ್ಮ ಕರ್ನಾಟಕದವರು, ಇಬ್ಬರಿಗೂ ಬ್ಯಾಟಿಂಗ್ ಕಸುಬಲ್ಲ. 52 ರನ್ ಸೇರಿಸಿ ಗೆಲ್ಲಿಸಿಯೇ ಬಂದರು.

ಹಂತ 10: ಮಳೆ ಬಂದರೆ

ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಸಂಜೆ ಮಳೆ ಹೇಳಿಕೇಳಿ ಬರುವುದಿಲ್ಲ. ಛತ್ರಿ ಬಿಡುವುದಿಲ್ಲ, ಅದಕ್ಕೆ ಜೇಬಿನಲ್ಲಿ ಮಡಚಿಡಬಹುದಾದ ತೆಳು ಪ್ಲಾಸ್ಟಿಕ್ ರೇನ್‌ಕೋಟ್ ಇರಲಿ. ಫೋನಿಗೊಂದು ಪ್ಲಾಸ್ಟಿಕ್ ಕವರ್.

ಮಳೆ ನಿಂತರೆ ಇಲ್ಲಿ ಆಟ ಬೇಗ ಶುರುವಾಗುತ್ತದೆ. 2017ರಲ್ಲಿ ಹುಲ್ಲಿನ ಕೆಳಗೆ ಸಬ್‌ಏರ್ ಅನ್ನುವ ವ್ಯವಸ್ಥೆ ಹಾಕಿದ್ದಾರೆ. ನೆಲದಡಿ ಕೊಳವೆಗಳ ಜಾಲ, ಅದಕ್ಕೆ ಯಂತ್ರ ಜೋಡಿಸಿ ನೀರನ್ನು ಕೆಳಗಿನಿಂದ ಎಳೆದುಬಿಡುತ್ತದೆ. ನಿಮಿಷಕ್ಕೆ 10,000 ಲೀಟರ್ ಎಳೆಯುತ್ತದೆ ಅಂತ ಆಗ ಹೇಳಿದ್ದರು. ಹಾಗಾಗಿ ಮಳೆ ನಿಂತ ತಕ್ಷಣ ಎದ್ದು ಹೋಗಬೇಡಿ. ಐಪಿಎಲ್ ರಾತ್ರಿ ಪಂದ್ಯದಲ್ಲಿ ಐದೈದು ಓವರಿನ ಆಟವಾದರೂ ಆಗಬೇಕೆಂದರೆ 10.56ರೊಳಗೆ ಶುರುವಾಗಬೇಕು. ಅಲ್ಲಿಯ ತನಕ ಆಸೆ ಇಟ್ಟುಕೊಳ್ಳಬಹುದು.

ಹಣ ವಾಪಸ್ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಒಂದೇ ಒಂದು ಚೆಂಡು ಹಾಕಿದರೂ ಹಣ ವಾಪಸ್ ಇಲ್ಲ ಅನ್ನುವುದು ಸಾಮಾನ್ಯ ಷರತ್ತು. ಒಂದು ಚೆಂಡೂ ಆಗದೆ ರದ್ದಾದರೆ ಮಾತ್ರ ಸಿಗುತ್ತದೆ, 2025ರ ಮೇ 17ರಂದು ಕೋಲ್ಕತ್ತ ಎದುರಿನ ಪಂದ್ಯ ತೊಳೆದುಹೋದಾಗ ಸಿಕ್ಕಂತೆ. ಕಾಗದದ ಟಿಕೆಟ್ಟನ್ನು ಸಿಟ್ಟಿನಲ್ಲಿ ಹರಿದು ಹಾಕಬೇಡಿ, ಹಣ ಕೇಳಲು ಅದೇ ಬೇಕು.

ಹಂತ 11: ಹೊರಗೆ ಬರುವುದು

ಕೊನೆಯ ಚೆಂಡು ಬಿದ್ದ ಕೂಡಲೇ ಎಲ್ಲರೂ ಏಳುತ್ತಾರೆ. ನೀವು ಏಳಬೇಡಿ. ಇಪ್ಪತ್ತು ನಿಮಿಷ ಕೂತಿರಿ, ಬಹುಮಾನ ಕೊಡುವುದನ್ನು ನೋಡಿ, ಮಕ್ಕಳಿಗೆ ಶೌಚಾಲಯ ತೋರಿಸಿ. ಅಷ್ಟರಲ್ಲಿ ಮೆಟ್ಟಿಲು ಖಾಲಿಯಾಗುತ್ತದೆ. ರೈಲಿನ ಅವಸರ ಇರುವ ಮಧ್ಯಾಹ್ನದ ಪಂದ್ಯದವರಿಗೂ ಇಷ್ಟು ಸಮಯ ಧಾರಾಳವಾಗಿದೆ.

ಹೊರಗೆ ಬಂದ ಮೇಲೆ ಕಬ್ಬನ್ ಪಾರ್ಕ್ ಮೆಟ್ರೋ ಬಾಗಿಲಲ್ಲಿ ಜನ ಕಟ್ಟಿ ನಿಂತಿದ್ದರೆ ಸುಮ್ನೆ ಎಂ.ಜಿ. ರಸ್ತೆ ನಿಲ್ದಾಣಕ್ಕೆ ನಡೆಯಿರಿ. ಹತ್ತು ಹದಿನೈದು ನಿಮಿಷ. ಬಿಎಂಟಿಸಿ ಕೂಡ ಪಂದ್ಯದ ರಾತ್ರಿ ಹೆಚ್ಚುವರಿ ಬಸ್ ಬಿಡುತ್ತದೆ. ಆಟೋದವರು ಗೇಟಿನ ಮುಂದೆ ಬಾಯಿಗೆ ಬಂದ ರೇಟು ಹೇಳುತ್ತಾರೆ. ಒಂದು ಕಿಲೋಮೀಟರ್ ದೂರ ನಡೆದು ಕೇಳಿದರೆ ಅದೇ ಆಟೋ ಅರ್ಧಕ್ಕೆ ಬರುತ್ತದೆ.

ಕ್ಲೋಕ್ ರೂಮಿನಲ್ಲಿ ಬ್ಯಾಗ್ ಬಿಡಿಸಲು ಅರ್ಧ ಗಂಟೆ ಇಟ್ಟುಕೊಳ್ಳಿ, ಭಾನುವಾರ ರಾತ್ರಿ ಅಲ್ಲೂ ಸಾಲು. ಹಂಪಿ ಎಕ್ಸ್‌ಪ್ರೆಸ್ ಯಾವ ಪ್ಲಾಟ್‌ಫಾರಂ ಅಂತ ಬೋರ್ಡ್ ನೋಡಿ ಹೊರಡಿ. ಮುಂದಿನ ಸಾಲಿನಲ್ಲಿ ಕೆಂಪು ಜೆರ್ಸಿ ಹಾಕಿಕೊಂಡು ಹೋಗುತ್ತಿರುವವರ ಹಿಂದೆ ಸುಮ್ನೆ ಹೋಗಬೇಡಿ, ಅವರು ಮೈಸೂರಿನವರಿರಬಹುದು.